ಸಕ್ಕರೆ ಗಟ್ಟಿ ಒಡೆಯಲು ಕಲಿತದ್ದು

ಹಳೆಯ ಸಕ್ಕರೆ ಇಕ್ಕಳವನ್ನು ಮೊದಲು ಕೈಗೆತ್ತಿಕೊಂಡಾಗ ಅಡಕತ್ತರಿ ಅಂದುಕೊಂಡಿದ್ದೆ. ಆದರೆ ಅಡಕತ್ತರಿಯಲ್ಲಿ ಒಂದೇ ಅಲಗು ಹರಿತ. ಇದರಲ್ಲಿ ಎರಡು ಅಲಗುಗಳೂ ಒಳಕ್ಕೆ ಬಾಗಿ ಎದುರುಬದುರು ಕೂಡುತ್ತವೆ. ಹಿಡಿಗಳ ನಡುವೆ ಒಂದು ಸ್ಪ್ರಿಂಗ್ ಪಟ್ಟಿ. ಅದುಮಿ ಬಿಟ್ಟರೆ ಬಾಯಿ ತಾನೇ ತೆರೆದುಕೊಳ್ಳುತ್ತದೆ.

ಇಂಥ ಇಕ್ಕಳ ಯಾಕೆ ಬೇಕಿತ್ತು ಅಂದರೆ, ಯೂರೋಪಿನಲ್ಲಿ 19ನೇ ಶತಮಾನದಲ್ಲೂ ಬಹಳಷ್ಟು ಮನೆಗಳಿಗೆ ಬಿಳಿ ಸಕ್ಕರೆ ಬರುತ್ತಿದ್ದದ್ದು ದೊಡ್ಡ ಗಟ್ಟಿಯಾಗಿ. ಕಾಯಿಸಿದ ಪಾಕವನ್ನು ಶಂಕುವಿನಂಥ ಮಣ್ಣಿನ ಅಚ್ಚಿಗೆ ಹೊಯ್ಯುತ್ತಿದ್ದರು. ಅಚ್ಚಿನ ಚೂಪು ತುದಿ ಕೆಳಗೆ, ಅದರಲ್ಲೊಂದು ತೂತು. ಸಕ್ಕರೆ ಹರಳುಗಟ್ಟುತ್ತಾ ಕಾಕಂಬಿ ಆ ತೂತಿನಿಂದ ಇಳಿದುಹೋಗುತ್ತಿತ್ತು. ಒಣಗಿದ ಗಟ್ಟಿಯನ್ನು ನೀಲಿ ಕಾಗದದಲ್ಲಿ ಸುತ್ತಿ ಮಾರುತ್ತಿದ್ದರು. ಅದನ್ನು ಒಡೆದು, ಕುಟ್ಟಿ, ಜರಡಿ ಹಿಡಿಯುವುದೆಲ್ಲ ಮನೆಯವರ ಕೆಲಸ.

ಮೊರಾಕೊದಲ್ಲಿ ಇಂಥ ಗಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಗೆಳೆಯರೊಬ್ಬರು ಅಲ್ಲಿಂದ ಎರಡು ಕಿಲೋದ ಒಂದನ್ನು ತಂದುಕೊಟ್ಟರು. ನೇರ ಇಕ್ಕಳ ಹಚ್ಚಿದೆ. ತಪ್ಪಾಯಿತು. ಗಟ್ಟಿ ನುಣುಪಾಗಿ, ದುಂಡಗಿತ್ತು. ಅಲಗು ಜಾರಿ ಹೆಬ್ಬೆರಳಿನ ಚರ್ಮ ಕಿತ್ತುಬಂತು. ಇಕ್ಕಳ ಕಚ್ಚುವುದಕ್ಕೆ ಒಂದು ಅಂಚು ಬೇಕು, ಆ ಅಂಚು ಮಾಡಿಕೊಡುವುದು ಸುತ್ತಿಗೆ. ಅದಕ್ಕೇ ಹಳೆಯ ಅಡುಗೆಮನೆಗಳಲ್ಲಿ ಎರಡೂ ಇರುತ್ತಿದ್ದವು.

ಎರಡನೇ ಸಲ ಗಟ್ಟಿಯನ್ನು ದಪ್ಪ ಬಟ್ಟೆಯ ಮೇಲೆ ಮಲಗಿಸಿದೆ. ಅಗಲವಾದ ಬುಡದ ಹತ್ತಿರ ಚಿಕ್ಕ ಸುತ್ತಿಗೆಯಿಂದ ಒಂದೇ ಗೆರೆಯಲ್ಲಿ ಸುತ್ತಲೂ ತಟ್ಟುತ್ತಾ ಬಂದೆ. ಜೋರಾಗಿ ಹೊಡೆದರೆ ಪುಡಿಯೇ ಜಾಸ್ತಿ. ಮೆಲ್ಲಗೆ ತಟ್ಟಿದರೆ ಶಬ್ದ ಬದಲಾಗುತ್ತದೆ. ಮೊದಲು ಟಣ್ ಅನ್ನುವುದು ಆಮೇಲೆ ಮಂದವಾಗುತ್ತದೆ. ಒಳಗೆ ಬಿರುಕು ಬಿಟ್ಟಿದೆ ಅಂತ ಅರ್ಥ. ಇನ್ನೊಂದು ಪೆಟ್ಟಿಗೆ ದೊಡ್ಡ ತುಂಡು ಕಳಚಿಕೊಂಡಿತು. ಅದರ ಮೂಲೆಗೆ ಇಕ್ಕಳ ಹಚ್ಚಿ, ಬೆರಳ ತುದಿಯಷ್ಟು ಮಾತ್ರ ಕಚ್ಚಿಸಿ, ಒಮ್ಮೆಲೇ ಅದುಮಿದೆ. ಟಕ್ ಅಂತ ಬಿತ್ತು. ಅಲಗು ಸಕ್ಕರೆಯನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ನಿಧಾನವಾಗಿ ಒತ್ತಿದರೆ ಸುಮ್ನೆ ಪುಡಿಯಾಗುತ್ತದೆ.

ಒಂದು ರಾತ್ರಿ ದೀಪ ಆರಿಸಿ, ಕಣ್ಣು ಕತ್ತಲೆಗೆ ಒಗ್ಗುವ ತನಕ ಹತ್ತು ನಿಮಿಷ ಕೂತಿದ್ದು ಇಕ್ಕಳ ಅದುಮಿದೆ. ತುಂಡು ಒಡೆದಲ್ಲಿ ಮಸುಕು ನೀಲಿ ಬೆಳಕು ಮಿಂಚಿ ಮರೆಯಾಯಿತು! ಹರಳು ಸೀಳಿದಾಗ ಎರಡು ಮುಖಗಳಲ್ಲಿ ವಿದ್ಯುತ್ ಬೇರ್ಪಟ್ಟು, ಅದು ಹಾಯುವಾಗ ಗಾಳಿಯ ನೈಟ್ರೋಜನ್ ಹೊಳೆಯುತ್ತದೆ. ಗಟ್ಟಿ ಸಕ್ಕರೆಯನ್ನು ಕತ್ತಲಲ್ಲಿ ಒಡೆದರೆ ಮಿಂಚುತ್ತದೆ ಅಂತ ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1620ರಲ್ಲೇ ಬರೆದಿದ್ದ. ದಿನವೂ ಸಕ್ಕರೆ ಒಡೆಯುತ್ತಿದ್ದ ಎಷ್ಟೋ ಹೆಂಗಸರು ಅವನಿಗಿಂತ ಮುಂಚೆಯೇ ಇದನ್ನು ಕಂಡಿರಬೇಕು, ಅಲ್ವಾ?

ಕುಟ್ಟುವ ಕೆಲಸದಲ್ಲಿ ಕಷ್ಟ ಕೊಡುವುದು ತೇವ. ಕುಟ್ಟಾಣಿ ಒಣಗಿದ್ದರೆ ಸಾಲದು, ಗಾಳಿಯೂ ಒಣಗಿರಬೇಕು. ಮೋಡದ ದಿನ ಕುಟ್ಟಿದ ಪುಡಿ ಜರಡಿಯ ಕಣ್ಣಿಗೆ ಮೆತ್ತಿಕೊಂಡು ಕೂತಿತು. ಬಿಸಿಲಿನ ದಿನ ಒಂದೊಂದೇ ಹಿಡಿ ಹಾಕಿ ಕುಟ್ಟಿದೆ. ತೆಳು ಬಟ್ಟೆ ಕಟ್ಟಿದ ಜರಡಿಯಲ್ಲಿ ಸೋಸಿದೆ. ಉಳಿದ ತರಿಯನ್ನು ಮತ್ತೆ ಕುಟ್ಟಿದೆ. ಒಂದು ಬಟ್ಟಲು ನುಣ್ಣನೆ ಪುಡಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹಳೆಯ ಇಂಗ್ಲಿಷ್ ಕೇಕ್ ಪಾಕವಿಧಾನಗಳಲ್ಲಿ ‘ಸಕ್ಕರೆ, ಕುಟ್ಟಿ ಸೋಸಿದ್ದು’ ಅಂತ ಕೆಲವೇ ಪದಗಳಲ್ಲಿ ಮುಗಿಸಿರುವುದು ಈ ಕೆಲಸವನ್ನೇ. ಈಗ ಆ ಸಾಲು ಓದಿದರೆ ನನಗೆ ತೋಳು ನೋಯುತ್ತದೆ.

ಸಕ್ಕರೆ ಕ್ಯೂಬ್ ಹುಟ್ಟಿದ್ದೂ ಇಂಥ ನೋವಿನಿಂದಲೇ ಅನ್ನುತ್ತಾರೆ. ಈಗಿನ ಚೆಕ್ ದೇಶದ ಡಾಚಿತ್ಸೆಯಲ್ಲಿ ಸಕ್ಕರೆ ಕಾರ್ಖಾನೆ ನಡೆಸುತ್ತಿದ್ದ ಯಾಕುಬ್ ರಾಡ್‌ನ ಹೆಂಡತಿ ಗಟ್ಟಿ ಒಡೆಯುವಾಗ ಬೆರಳು ಗಾಯ ಮಾಡಿಕೊಂಡಳಂತೆ. ಅವನು ಕ್ಯೂಬ್ ಅಚ್ಚೊತ್ತುವ ವಿಧಾನಕ್ಕೆ 1843ರಲ್ಲಿ ಪೇಟೆಂಟ್ ಪಡೆದ. ನನ್ನ ಹೆಬ್ಬೆರಳು ಕಿತ್ತಾಗಿನಿಂದ ಆ ಕತೆಯನ್ನು ಪೂರ್ತಿ ನಂಬುತ್ತೇನೆ.

ಇಕ್ಕಳ ಕಬ್ಬಿಣದ್ದು. ಅಲಗಿಗೆ ಅಂಟಿದ ಸಕ್ಕರೆ ತೇವ ಎಳೆದು ತುಕ್ಕು ಹಿಡಿಸುತ್ತದೆ. ಕೆಲಸ ಮುಗಿದ ಕೂಡಲೇ ಬಿಸಿ ನೀರಿನ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ಕೀಲಿಗೆ ಒಂದು ಹನಿ ಅಡುಗೆ ಎಣ್ಣೆ ಬಿಡುತ್ತೇನೆ.