ಮದುಮಗಳ ಮೈಬಣ್ಣ ಉಳಿಸಿ ಫೋಟೋ ತೆಗೆಯುವುದು: ನನ್ನ ಅನುಭವ

ಮದುವೆ ಫೋಟೋ ಒಪ್ಪಿಕೊಳ್ಳುವಾಗ ಮನೆಯವರಿಂದ ಹೆಚ್ಚಾಗಿ ಬರುವ ಮಾತು: "ಹುಡುಗಿ ಸ್ವಲ್ಪ ಕಪ್ಪು, ಬೆಳ್ಳಗೆ ಬರೋ ಹಾಗೆ ತೆಗೀರಿ." 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದುಹಾಕಿತು. ಆಲ್ಬಮ್ಮಿನಲ್ಲಿ ಬೆಳ್ಳಗೆ ಕಾಣಬೇಕೆಂಬ ಆಸೆ ಮಾತ್ರ ಹೋಗಿಲ್ಲ. ಎಣ್ಣೆಗಪ್ಪು ಮುಖ ಫೋಟೋದಲ್ಲಿ ಚೆನ್ನಾಗಿ ಬರದಿದ್ದರೆ ತಪ್ಪು ಬಣ್ಣದ್ದಲ್ಲ, ಬೆಳಕು ಅಳೆದವರದು.

ಧಾರೆಯ ಹೊತ್ತಿಗೆ ಪಕ್ಕದಲ್ಲಿ ಬಿಳಿ ಪಂಚೆಯ ವರ, ಹಿಂದೆ ಎಲ್‌ಇಡಿ ಅಲಂಕಾರ. ಆಟೋ ಮೋಡಿನಲ್ಲಿರುವ ಕ್ಯಾಮೆರಾ ಆ ಬಿಳುಪು ನೋಡಿ ಬೆಳಕು ತಗ್ಗಿಸುತ್ತದೆ, ಮುಖ ಕತ್ತಲಾಗುತ್ತದೆ. ಆಮೇಲೆ ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬೆಳಕು ಎತ್ತಿದರೆ ನಾಯ್ಸ್ (ಕಾಳುಕಾಳು ಚುಕ್ಕೆ) ಬಂದು ಚರ್ಮ ಬೂದಿ ಬಳಿದಂತಾಗುತ್ತದೆ. ನಾನು ಮ್ಯಾನುಯಲ್ ಮೋಡಿನಲ್ಲಿ, ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಮದುಮಗಳ ಕೆನ್ನೆಗೇ ಹಿಡಿದು ಅಳೆಯುತ್ತೇನೆ. ಮೀಟರ್ ಗೋಧಿ ಬಣ್ಣಕ್ಕೆ ಸೊನ್ನೆಯ ಆಸುಪಾಸು, ಗಾಢ ಬಣ್ಣಕ್ಕೆ ಮೈನಸ್ 0.7ರಿಂದ 1 ಸ್ಟಾಪ್ ತೋರಿಸುವಂತೆ ಇಡುತ್ತೇನೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ).

ಗಾಢ ಚರ್ಮದಲ್ಲಿ ಮುಖದ ಆಕಾರ ಕಾಣುವುದು ಹೊಳಪಿನಿಂದ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ನೇರವಾಗಿ ಬಿದ್ದರೆ ಹಣೆ, ಮೂಗಿನ ಬೆವರಷ್ಟೇ ಹೊಳೆಯುತ್ತದೆ. ಮೂರು-ನಾಲ್ಕು ಅಡಿಯ ಸಾಫ್ಟ್‌ಬಾಕ್ಸನ್ನು (ಬೆಳಕನ್ನು ಮೃದುವಾಗಿಸುವ ಬಟ್ಟೆಯ ಪೆಟ್ಟಿಗೆ) 45 ಡಿಗ್ರಿ ಓರೆಯಲ್ಲಿ, ಆದಷ್ಟು ಹತ್ತಿರ ಇಡಿ. ಇನ್ನೊಂದು ಬದಿಗೆ ಬೆಳಕು ತಿರುಗಿಸಲು ಬಿಳಿ ಥರ್ಮಕೋಲ್ ಸಾಕು. ಮಂಟಪದ ಗುಲಾಬಿ, ನೀಲಿ ಲೈಟುಗಳನ್ನು ಧಾರೆ ಮುಗಿಯುವವರೆಗಾದರೂ ಆಫ್ ಮಾಡಿಸಿ. ಆ ಬಣ್ಣ ಚರ್ಮಕ್ಕೆ ಹತ್ತಿದರೆ ಎಡಿಟಿಂಗಿನಲ್ಲಿ ಬಿಡಿಸುವುದು ಬಲು ಕಷ್ಟ. ಅರಿಶಿನದ ಶಾಸ್ತ್ರದಲ್ಲಿ ಆಟೋ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು) ಬೇಡ, ಅದು ಅರಿಶಿನದ ಹಳದಿಯನ್ನೇ ಕಳೆಯಲು ಹೋಗಿ ಉಳಿದದ್ದನ್ನು ನೀಲಿ ಮಾಡುತ್ತದೆ. ಬಣ್ಣ ಹೊಂದಿಸಲೆಂದೇ ಇರುವ ಬೂದು ಹಲಗೆ, ಗ್ರೇ ಕಾರ್ಡ್, ಹಿಡಿದು ಒಮ್ಮೆ ಸೆಟ್ ಮಾಡಿಬಿಡಿ.

"ನನ್ನ ಮೂಗು ದಪ್ಪ, ಸಣ್ಣ ಮಾಡಿ" ಅನ್ನುವ ಹುಡುಗಿಯರು ತಮ್ಮ ಮುಖವನ್ನು ಹೆಚ್ಚಾಗಿ ನೋಡಿರುವುದು ಸೆಲ್ಫಿಯಲ್ಲಿ. 2018ರಲ್ಲಿ ಅಮೆರಿಕದ ವೈದ್ಯರು ಹಾಕಿದ ಲೆಕ್ಕದ ಪ್ರಕಾರ, 5 ಅಡಿಯಿಂದ ತೆಗೆದ ಫೋಟೋಗಿಂತ 12 ಇಂಚಿನಿಂದ ತೆಗೆದದ್ದರಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ. ಹಾಗಾಗಿ 85 ಎಂಎಂ ಲೆನ್ಸು ಹಾಕಿ, ಏಳು ಅಡಿ ದೂರದಿಂದ ಒಂದು ತೆಗೆದು ಅಲ್ಲೇ ತೋರಿಸುತ್ತೇನೆ. ಎಷ್ಟೋ ಸಲ ಮೂಗಿನ ಮಾತು ಅಲ್ಲಿಗೇ ನಿಲ್ಲುತ್ತದೆ. ಗ್ರೂಪ್ ಫೋಟೋಗೆ 24 ಎಂಎಂ ವೈಡ್ ಲೆನ್ಸು ಹಾಕಿದಾಗ ಯಾರನ್ನೂ ಅಂಚಿಗೆ ನಿಲ್ಲಿಸಬೇಡಿ, ಮುಖ ಮತ್ತು ತೋಳು ಅಡ್ಡಕ್ಕೆ ಹಿಗ್ಗುತ್ತವೆ.

ಎಡಿಟಿಂಗಿನಲ್ಲಿ ನನ್ನ ನಿಯಮ: ಎರಡು ವಾರದಲ್ಲಿ ತಾನಾಗಿಯೇ ಹೋಗುವಂಥದ್ದನ್ನು ತೆಗೆಯುತ್ತೇನೆ. ಮೊಡವೆ, ಸೊಳ್ಳೆ ಕಡಿತ ಹೋಗಲಿ. ಮಚ್ಚೆ, ಹಳೆಯ ಗಾಯದ ಗುರುತು ಅವಳದು, ಅವಳೇ ಕೇಳದೆ ಮುಟ್ಟುವುದಿಲ್ಲ. ಕಣ್ಣ ಕೆಳಗಿನ ಕಪ್ಪನ್ನು ಅರ್ಧದಷ್ಟು ತಿಳಿಯಾಗಿಸಿದರೆ ಸಾಕು, ಪೂರ್ತಿ ಅಳಿಸಿದರೆ ಕಣ್ಣು ಅಂಟಿಸಿದಂತೆ ಕಾಣುತ್ತದೆ. ಲೈಟ್‌ರೂಮಿನಲ್ಲಿ ಚರ್ಮ ನುಣುಪಾಗಿಸುವ ಟೆಕ್ಸ್ಚರ್ ಸ್ಲೈಡರನ್ನು ಮೈನಸ್ 10 ದಾಟಿಸುವುದಿಲ್ಲ. ಮೈನಸ್ 40ಕ್ಕೆ ರಂಧ್ರಗಳೆಲ್ಲ ಮುಚ್ಚಿ ಮೇಣದ ಗೊಂಬೆಯಾಗುತ್ತಾಳೆ. ಬೆಳ್ಳಗೆ ಮಾಡಲು ಎಲ್ಲರೂ ಎಳೆಯುವುದು ಆರೆಂಜ್ ಲ್ಯೂಮಿನೆನ್ಸ್ (ಕಿತ್ತಳೆ ಬಣ್ಣದ ಹೊಳಪು) ಸ್ಲೈಡರನ್ನು, ಯಾಕೆಂದರೆ ಚರ್ಮದ ಬಣ್ಣ ಬಹುಪಾಲು ಅಲ್ಲಿದೆ. ಚಿನ್ನ ಮತ್ತು ಜರಿಯ ಬಣ್ಣವೂ ಅದರ ಆಸುಪಾಸಿನಲ್ಲೇ ಇದೆ! ಕಾಸಿನ ಸರ, ಸೀರೆಯ ಅಂಚು ಎರಡೂ ಪೇಲವವಾಗುತ್ತವೆ. ಮುಖಕ್ಕಷ್ಟೇ ಬ್ರಷ್ ಹಾಕಿ ಬೆಳ್ಳಗೆ ಮಾಡಿದರೆ ಕುತ್ತಿಗೆ, ಕೈ ಬೇರೆಯವರದು ಅನ್ನಿಸುತ್ತದೆ.

ಪ್ರಿಂಟಿನಲ್ಲಿಯೂ ಕೆಲಸ ಕೆಡುತ್ತದೆ. ಲ್ಯಾಪ್‌ಟಾಪ್ ಪರದೆಯ ಬ್ರೈಟ್‌ನೆಸ್ ಪೂರ್ತಿ ಇಟ್ಟು ಎಡಿಟ್ ಮಾಡಿದರೆ ಆಲ್ಬಮ್ ಕಪ್ಪಾಗಿ ಬರುತ್ತದೆ, ಮನೆಯವರು ಗಾಬರಿಯಾಗುತ್ತಾರೆ, ಮರುಪ್ರಿಂಟಿನಲ್ಲಿ ಲ್ಯಾಬಿನವರು ಮುಖ ಬಿಳುಪಾಗಿಸಿ ಕೊಡುತ್ತಾರೆ. ಪರದೆ ತಗ್ಗಿಸಿ, ಆರ್ಡರಿನ ಮೇಲೆ 'ಕಲರ್ ಕರೆಕ್ಷನ್ ಬೇಡ' ಎಂದು ಬರೆದು, ಮೊದಲು 4×6 ಅಳತೆಯ ಎರಡು ಪ್ರಿಂಟ್ ತರಿಸುತ್ತೇನೆ. ಅದನ್ನು ಹಗಲು ಬೆಳಕಿನಲ್ಲಿ ಮದುಮಗಳ ಕೈಯ ಪಕ್ಕದಲ್ಲಿಟ್ಟು ಹೋಲಿಸಿದ ಮೇಲೆಯೇ ಉಳಿದ ಹಾಳೆಗಳನ್ನು ಪ್ರಿಂಟಿಗೆ ಕಳಿಸುವುದು.