ಕುರು ಎದ್ದಾಗ ಮಾತ್ರೆ ನುಂಗುವ ಮೊದಲು

ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿಯಿತೆಂದರೆ ತೋಟದ ಕೆಲಸದವರ ಕಾಲಲ್ಲಿ ಇಂಬಳ ಕಚ್ಚಿದ ಗಾಯ, ಕೈಯಲ್ಲಿ ಕತ್ತಿ ತಾಗಿದ ಗೀರು, ಗಮ್ ಬೂಟಿನೊಳಗೆ ದಿನವಿಡೀ ನೆನೆದ ಪಾದ ಇದ್ದದ್ದೇ. ಸ್ಟ್ಯಾಫ್ (ಪೂರ್ತಿ ಹೆಸರು ಸ್ಟ್ಯಾಫಿಲೊಕಾಕಸ್ ಆರಿಯಸ್) ಎಂಬ ಬ್ಯಾಕ್ಟೀರಿಯಾ ಮೈಯೊಳಗೆ ಇಳಿಯಲು ಇಷ್ಟು ಸಾಕು. ಅದೇನೂ ಹೊರಗಿನಿಂದಲೇ ಬರಬೇಕೆಂದಿಲ್ಲ. ಸುಮಾರು ಹತ್ತರಲ್ಲಿ ಮೂವರ ಮೂಗಿನಲ್ಲಿ ಯಾವ ತೊಂದರೆಯೂ ಕೊಡದೆ ಇದ್ದುಬಿಟ್ಟಿರುತ್ತದೆ. ಮೂಗು ಮುಟ್ಟಿದ ಕೈಯಲ್ಲೇ ಗಾಯ ಕೆರೆದುಕೊಂಡರೆ ಕುರು ಏಳುತ್ತದೆ.

ಇದರಲ್ಲಿ ಔಷಧಿಗೆ ಬಗ್ಗದ ತಳಿಗೆ ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್ ಎನ್ನುತ್ತಾರೆ. ಪೆನಿಸಿಲಿನ್ ಗುಂಪಿನ ಆ್ಯಂಟಿಬಯಾಟಿಕ್ ಮೆಥಿಸಿಲಿನ್ ಬಂದದ್ದು 1959ರಲ್ಲಿ. 1961ಕ್ಕಾಗಲೇ ಅದಕ್ಕೆ ಜಗ್ಗದ ಸ್ಟ್ಯಾಫ್ ಬ್ರಿಟನ್ನಿನಲ್ಲಿ ಸಿಕ್ಕಿತ್ತು. ಮೆಥಿಸಿಲಿನ್ ಮತ್ತು ಅದರ ಬಳಗದ ಔಷಧಿಗಳು ಅಂಟಿಕೊಳ್ಳಬೇಕಾದ ಪ್ರೋಟೀನನ್ನೇ ಆ ತಳಿ ಬದಲಿಸಿಕೊಂಡಿರುತ್ತದೆ. ಹಾಗಾಗಿ ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಸೆಫಾಲೆಕ್ಸಿನ್ ಯಾವುದೂ ನಾಟುವುದಿಲ್ಲ, ಡೋಸ್ ಏರಿಸಿದರೂ ಅಷ್ಟೇ. ಇನ್ನು ನೆಗಡಿಗೆ ಮೆಡಿಕಲ್‌ನಲ್ಲಿ ಕೇಳಿ ಅಜಿಥ್ರೊಮೈಸಿನ್ ನುಂಗುವ ಚಟ. ನೆಗಡಿ ವೈರಸ್ಸಿನದು, ಈ ಮಾತ್ರೆ ಅದನ್ನು ಮುಟ್ಟುವುದೇ ಇಲ್ಲ. ಮೂಗಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳಲ್ಲಿ ಬಗ್ಗುವವು ಸತ್ತು, ಬಗ್ಗದವು ಉಳಿದು ಹೆಚ್ಚುತ್ತವೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ. ಹೋದ ಸಲ ಉಳಿದ ನಾಲ್ಕು ಮಾತ್ರೆಯನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಲೂಬೇಡಿ.

ಗೀರಾದ ತಕ್ಷಣ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು, ಒರೆಸಿ, ಗಾಜ್ ಕಟ್ಟಿ. ನಮ್ಮ ಕಡೆ ಗಾಯಕ್ಕೆ ಕಾಫಿಪುಡಿ ಮೆತ್ತುವ ರೂಢಿ ಇನ್ನೂ ಹೋಗಿಲ್ಲ. ಪುಡಿ ರಕ್ತದೊಂದಿಗೆ ಕಲೆತು ಹೆಕ್ಕಳೆ ಕಟ್ಟುತ್ತದೆ, ನೋಡಲು ಗಾಯ ಮುಚ್ಚಿದಂತಿರುತ್ತದೆ, ಅಡಿಯಲ್ಲಿ ಕೊಳೆ ಉಳಿದಿರುತ್ತದೆ. ಬೂದಿ, ಸುಣ್ಣ, ಸೀಮೆಎಣ್ಣೆಯೂ ಬೇಡ. ಇಂಬಳ ಹತ್ತಿದರೆ ಮೊದಲು ಸಪೂರ ತುದಿಯ ಬುಡಕ್ಕೆ ಉಗುರು ಜಾರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ. ಉಪ್ಪು ಹಾಕಿದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಅದರ ಜೊಲ್ಲಿನಿಂದ ರಕ್ತ ಬೇಗ ಹೆಪ್ಪುಗಟ್ಟದು. ಚೊಕ್ಕ ಬಟ್ಟೆ ಒತ್ತಿ 10–15 ನಿಮಿಷ ಹಿಡಿಯಿರಿ. ಆಮೇಲೆ ದಿನಗಟ್ಟಲೆ ತುರಿಸುತ್ತದೆ. ಕೆರೆದರೆ ಕೀವಾಗಬಹುದು. ಉಗುರು ಕತ್ತರಿಸಿಕೊಂಡಿರಿ. ಮಳೆಯಲ್ಲಿ ಪಟ್ಟಿ ನೆನೆದರೆ ಮನೆಗೆ ಬಂದ ಕೂಡಲೇ ಬದಲಿಸಿ.

ಕೆಂಪಗೆ, ಬಿಸಿಯಾಗಿ, ನೋಯುವ ಗಂಟು ಎದ್ದರೆ ‘ಏನೋ ಹುಳ ಮುಟ್ಟಿದೆ’ ಎಂದು ಸುಮ್ಮನಾಗುವವರೇ ಹೆಚ್ಚು. ಅದು ಸ್ಟ್ಯಾಫ್ ಇರಬಹುದು. ಹಿಚುಕಬೇಡಿ, ಕೀವು ಇನ್ನೂ ಒಳಕ್ಕೆ ಹೋಗುತ್ತದೆ. ಮೂಗು, ಮೇಲ್ದುಟಿಯ ಸುತ್ತಿನದನ್ನಂತೂ ಮುಟ್ಟಲೇಬಾರದು: ಅಲ್ಲಿನ ರಕ್ತನಾಳಗಳು ಮಿದುಳಿನ ಕಡೆಗೆ ಕೂಡಿಕೊಂಡಿವೆ. ತಾಳುವಷ್ಟು ಬಿಸಿ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, 10–15 ನಿಮಿಷ ಶಾಖ ಕೊಡಿ, ದಿನಕ್ಕೆ 3–4 ಸಲ. ಆ ಬಟ್ಟೆಯನ್ನು ಕುದಿಸದೆ ಮತ್ತೆ ಬಳಸಬೇಡಿ.

ಕೀವು ತುಂಬಿದ್ದರೆ ವೈದ್ಯರು ಕೊಯ್ದು ತೆಗೆಯುವುದೇ ಮುಖ್ಯ ಚಿಕಿತ್ಸೆ. ಕೀವಿನ ಚೀಲದೊಳಗೆ ರಕ್ತ ಓಡಾಡುವುದಿಲ್ಲ, ಹಾಗಾಗಿ ನುಂಗಿದ ಮಾತ್ರೆ ಅಲ್ಲಿಗೆ ಸರಿಯಾಗಿ ತಲುಪದು. ಆಗಲೇ ‘ಡಾಕ್ಟ್ರೇ, ಕೀವನ್ನ ಕಲ್ಚರ್‌ಗೆ ಕಳಿಸ್ತೀರಾ?’ ಎಂದು ಕೇಳಿ. ಕೀವಿನಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ ಇದು. ಮೊದಲ ಆ್ಯಂಟಿಬಯಾಟಿಕ್ ನುಂಗುವ ಮುನ್ನ ಸ್ಯಾಂಪಲ್ ತೆಗೆದರೆ ಫಲಿತಾಂಶ ನಂಬಬಹುದು. ಹಾಸನದ ಹಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೈಕ್ರೊಬಯಾಲಜಿ ವಿಭಾಗ ಇರುತ್ತದೆ. ವರದಿಗೆ 2–3 ದಿನ ಬೇಕು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂದು ಬಂದು, ಸೆಫಾಕ್ಸಿಟಿನ್ ಎಂಬ ಔಷಧಿಯ ಎದುರಿಗೆ ‘ಆರ್’ (ಬಗ್ಗದು) ಎಂದಿದ್ದರೆ ಅದು ಎಂಆರ್‌ಎಸ್‌ಎ. ‘ಎಸ್’ (ಬಗ್ಗುತ್ತದೆ) ಎಂದಿರುವ ಔಷಧಿಗಳಲ್ಲಿ ಒಂದನ್ನು ವೈದ್ಯರು ಆರಿಸುತ್ತಾರೆ. ಅಷ್ಟರಲ್ಲಿ ಕೆಂಪು ಹರಡಿದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದಿಡಿ. ಕೆಂಪು ಆ ಗೆರೆಯಿಂದಾಚೆ ಹರಡಿದರೆ, ಜ್ವರ ಬಂದರೆ, ಕಾಣುವುದಕ್ಕಿಂತ ನೋವು ಹೆಚ್ಚಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು, ಕೂಸುಗಳ ವಿಷಯದಲ್ಲಿ ಗೆರೆ ದಾಟುವವರೆಗೂ ಕಾಯುವುದು ಬೇಡ.

ತೋಟದ ಕೆಲಸದವರ ಸಾಲು ಮನೆಗಳಲ್ಲಿ (ಲೈನ್ ಮನೆ) ಒಂದೇ ಟವೆಲ್, ಒಂದೇ ಕಂಬಳಿ ನಾಲ್ಕು ಜನಕ್ಕೆ ಓಡಾಡುವುದರಿಂದ ಒಬ್ಬರ ಕುರು ಎಲ್ಲರಿಗೂ ಹತ್ತುತ್ತದೆ. ಟವೆಲ್, ರೇಜರ್ ತಲೆಗೊಂದು ಇರಲೇಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗದಿರುವುದು ನಿಜವಾದ ತಲೆನೋವು: ಹಂಡೆಯ ಬಿಸಿ ನೀರಲ್ಲಿ ಒಗೆದು, ಬಚ್ಚಲೊಲೆಯ ಹತ್ತಿರ ಹರವಿ, ಕೊನೆಗೆ ಬಿಸಿ ಇಸ್ತ್ರಿ ಹಾಕಿ. ಒಣ ಜಾಗದಲ್ಲೂ ಸ್ಟ್ಯಾಫ್ ವಾರಗಟ್ಟಲೆ ಬದುಕುವುದರಿಂದ ಬಾಗಿಲ ಚಿಲಕ, ನಲ್ಲಿ, ಸ್ವಿಚ್ಚಿನಂಥವನ್ನೂ ಬಿಡಬಾರದು. ಚಿಲಕ, ನಲ್ಲಿಯನ್ನು ಮೊದಲು ಸೋಪು ನೀರಲ್ಲಿ ಒರೆಸಿ, ಆಮೇಲೆ 1 ಲೀಟರ್ ನೀರಿಗೆ ಶೇ. 5ರ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) 20 ಮಿ.ಲೀ. ಬೆರೆಸಿ ಹಚ್ಚಿ 10 ನಿಮಿಷ ಬಿಡಿ. ಕೊಳೆಯ ಮೇಲೇ ಹಚ್ಚಿದರೆ ಅದರ ಶಕ್ತಿ ಅಲ್ಲೇ ಮುಗಿಯುತ್ತದೆ. ಸ್ವಿಚ್ಚಿಗೆ ದ್ರಾವಣ ಸುರಿಯದೆ, ಮೇನ್ ಆಫ್ ಮಾಡಿ ಹಿಂಡಿದ ಬಟ್ಟೆಯಲ್ಲಿ ಒರೆಸಿ. ದ್ರಾವಣವನ್ನು ದಿನಾ ಹೊಸದಾಗಿ ಮಾಡಿ. ಟಾಯ್ಲೆಟ್ ಕ್ಲೀನರ್ ಆ್ಯಸಿಡ್ ಜತೆ ಸೇರಿಸಿದರೆ ವಿಷಾನಿಲ ಏಳುತ್ತದೆ.

ಮನೆಯಲ್ಲಿ ಕುರು ಮೇಲಿಂದ ಮೇಲೆ ಬರುತ್ತಿದ್ದರೆ ಮೂಗಿಗೆ ಹಚ್ಚುವ ಮ್ಯುಪಿರೋಸಿನ್ ಮುಲಾಮನ್ನು ವೈದ್ಯರು ದಿನಕ್ಕೆರಡು ಸಲ 5 ದಿನ ಬರೆದುಕೊಡುವುದುಂಟು. ಕಂಡಕಂಡ ಗಾಯಕ್ಕೆಲ್ಲ ಅದನ್ನೇ ಸವರುತ್ತಾ ಹೋದರೆ ಅದಕ್ಕೂ ಸ್ಟ್ಯಾಫ್ ಬಗ್ಗದಂತಾಗುತ್ತದೆ.

ಹಾಸನದ ಕಡೆ ಹೈನುಗಾರಿಕೆ ಮಾಡುವವರಿಗೆ ಇನ್ನೊಂದು ಮಾತು. ಹಸುವಿನ ಕೆಚ್ಚಲು ಬಾವಿಗೂ ಎಷ್ಟೋ ಸಲ ಕಾರಣ ಇದೇ ಸ್ಟ್ಯಾಫ್. ಕೈಯಲ್ಲಿ ಕೀವಿನ ಗಾಯ ಇರುವವರು ವಾಸಿಯಾಗುವವರೆಗೆ ಹಾಲು ಕರೆಯದಿರಲಿ. ಬಾವು ಬಂದ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆದು, ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಳ್ಳಿ.