ರಾತ್ರಿಯ ಎದೆಯುರಿ: ಮೊದಲು ಮಂಚ ಸರಿಮಾಡಿ

ಅನ್ನನಾಳದ ಬುಡದಲ್ಲಿ ಬಳೆಯಂತಿರುವ ಸ್ನಾಯು ಸಡಿಲಾದರೆ ಹೊಟ್ಟೆಯ ಆಮ್ಲ ಮೇಲೆ ಬರುತ್ತದೆ, ಉರಿ ಅದರದ್ದೇ. ಮಲಗುವ 3 ಗಂಟೆ ಮುಂಚೆಯೇ ಊಟ ಮುಗಿಸಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ 15ರಿಂದ 20 ಸೆಂ.ಮೀ. ಎತ್ತರದ ಗಟ್ಟಿ ಮರದ ತುಂಡುಗಳನ್ನಿಡಿ, ಅಲುಗಾಡಬಾರದು. ದಿಂಬಿನ ಮೇಲೆ ದಿಂಬು ಪೇರಿಸುವುದು ಬಹಳ ಜನ ಮಾಡುವ ತಪ್ಪು: ಸೊಂಟ ಮಡಚಿ ಹೊಟ್ಟೆ ಒತ್ತಿಕೊಳ್ಳುತ್ತದೆ, ಆಮ್ಲ ಇನ್ನಷ್ಟು ಮೇಲೇರುತ್ತದೆ. ಎಡಮಗ್ಗುಲಲ್ಲಿ ಮಲಗಿ, ಆಗ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ. ಪುದೀನ ಬಾಯಿಗೆ ತಂಪು, ಆದರೆ ಆ ಸ್ನಾಯುವನ್ನೇ ಸಡಿಲಿಸಬಹುದು. ಅದರ ಬದಲು ಊಟವಾದ ಮೇಲೆ ಅರ್ಧ ಗಂಟೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜಗಿಯಿರಿ. ಜೊಲ್ಲು ಹೆಚ್ಚಿ ಆಮ್ಲ ಕೆಳಗಿಳಿಯುತ್ತದೆ. ನುಂಗಲು ಕಷ್ಟ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ ವೈದ್ಯರಿಗೆ ತೋರಿಸಿ. ಎದೆನೋವು ತೋಳಿಗೋ ದವಡೆಗೋ ಹರಡಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.